ತಂದೆಯ ಬುಲೆಟ್‌ಗೆ ಆಯುಧಪೂಜೆ ಮಾಡಬಹುದೇ?

ಪ್ರಶ್ನೆ: ತಂದೆ ಹೋಗಿ ಏಳು ತಿಂಗಳಾಯಿತು. ಅವರ ಬುಲೆಟ್‌ಗೆ ಹೊಸ ಸೀಟು, ಲಗೇಜ್ ಕ್ಯಾರಿಯರ್ ಹಾಕಿಸಿ ಗೋಕರ್ಣಕ್ಕೆ ಹೋಗಬೇಕೆಂದಿದ್ದೇನೆ. ‘ಅಪ್ಪನ ಗಾಡಿ ಮುಟ್ಟಬೇಡ, ವರ್ಷ ತುಂಬೋವರೆಗೆ ಆಯುಧಪೂಜೆಯೂ ಬೇಡ’ ಅಂತಾರೆ ತಾಯಿ. ದೋಷವಿದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸೂತಕ ಎಂದೋ ಕಳೆದಿದೆ, ದೇವರ ದೀಪಕ್ಕೆ ಅಡ್ಡಿಯಿಲ್ಲ. ಮೊದಲ ವರ್ಷ ಹಬ್ಬದ ಸಡಗರ ಬೇಡವೆನ್ನುವುದು ಬಹಳ ಮನೆಗಳ ಪದ್ಧತಿ. ಮಹಾನವಮಿಯಂದು ಗಾಡಿ ತೊಳೆದು, ಟ್ಯಾಂಕಿಗೆ ಅರಿಶಿನ ಕುಂಕುಮ, ಒಂದು ಹೂವು ಇಟ್ಟು ಕೈಮುಗಿದರೆ ಸಾಕು. ಡಿಸ್ಕ್ ಬ್ರೇಕಿಗೆ, ಟೈರಿಗೆ ಎಣ್ಣೆ ಕುಂಕುಮ ತಾಗಿಸಬೇಡಿ. ಕುಂಬಳಕಾಯಿಯನ್ನಂತೂ ನಡುರಸ್ತೆಯಲ್ಲಿ ಒಡೆಯಲೇಬೇಡಿ. ನಮ್ಮ ದೃಷ್ಟಿ ತೆಗೆಯೋಕೆ ಹೋಗಿ ಇನ್ಯಾರೋ ಸ್ಕೂಟರ್‌ನಿಂದ ಜಾರಿ ಬಿದ್ದರೆ ಆ ಪಾಪ ಯಾರಿಗೆ?

ಸೀಟು ಬದಲಾಯಿಸಿದರೆ ದೋಷವೇನೂ ಇಲ್ಲ. ಆದರೆ ಆ ಹಿಂದಿನ ಸೀಟಿನಲ್ಲಿ ಇಷ್ಟು ವರ್ಷ ಕೂತು ಓಡಾಡಿದವರು ನಿಮ್ಮ ತಾಯಿಯೇ ಅಲ್ಲವೇ? ಅವರನ್ನು ಕೇಳಿಯೇ ಬಿಚ್ಚಿಸಿ. ಹಳೇ ಸೀಟನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತನ್ನಿ.

ಮೊದಲ ವರ್ಷ ಕ್ಷೇತ್ರಯಾತ್ರೆಯನ್ನೂ ಎಷ್ಟೋ ಮನೆಗಳಲ್ಲಿ ಮಾಡುವುದಿಲ್ಲ. ವರ್ಷಾಬ್ದಿಕ ಮುಗಿಸಿಕೊಂಡೇ ಹೊರಡಿ. ಐದು ತಿಂಗಳು ತಾನೇ? ಅಷ್ಟರಲ್ಲಿ ಇನ್ನೊಂದು ಕೆಲಸ ನೋಡಿ. ಆರ್‌.ಸಿ. ನಿಮ್ಮ ಹೆಸರಿಗಾಗಿದೆಯೇ? ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಆಗಿಲ್ಲದಿದ್ದರೆ ನಾಳೆಯೇ ಹೋಗಿ. ಹೊರಡುವ ಮುಂಚೆ ಬ್ರೇಕು, ಚೈನು ತೋರಿಸಿ. ಸಾಗರದ ಕಡೆಯಿಂದ ಹೋಗುವುದಾದರೆ ಗೇರುಸೊಪ್ಪ ಘಾಟಿಯನ್ನು ಬೆಳಕಿದ್ದಾಗಲೇ ಇಳಿಯಿರಿ. ಗೋಕರ್ಣ ಮುಟ್ಟಿದ ಕೂಡಲೇ ತಾಯಿಗೊಂದು ಫೋನ್ ಮಾಡಿ.