ಅನುಭವಿಸಬಹುದು, ಕೊಡುವಂತಿಲ್ಲ

"ಅತ್ತಿಗೆ, ಇದು ಕಳ್ಳತನ ಆಗುತ್ತಾ?"

ನನ್ನ ನಾದಿನಿ ಹೀಗೆ ಕೇಳಿದಾಗ ನಾನು ಅವಳ ಅಡುಗೆಮನೆಯಲ್ಲಿ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತ ನಿಂತಿದ್ದೆ. ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಉತ್ತರ ಹೇಳಲು ನನಗೆ ಎರಡು ದಿನ ಹಿಡಿಯಿತು. ಆ ಉತ್ತರವೂ ಪೂರ್ತಿ ನನ್ನದಲ್ಲ, ಅರ್ಧ ಅವಳದೇ.

ಅವಳ ಮನೆ ಇರುವುದು ಮಾದನಾಯಕನಹಳ್ಳಿಯಲ್ಲಿ. ತುಮಕೂರು ರಸ್ತೆಯಲ್ಲಿ ಪೀಣ್ಯ, ದಾಸರಹಳ್ಳಿ ದಾಟಿ ನೆಲಮಂಗಲದ ಕಡೆಗೆ ಹೋಗುವಾಗ ಸಿಗುವ ಊರು. 2024ರ ನವೆಂಬರಿನಿಂದ ಮಾದಾವರದವರೆಗೆ ಮೆಟ್ರೊ ಬಂದಿರುವುದರಿಂದ ನನಗೀಗ ಅಲ್ಲಿಗೆ ಹೋಗಿಬರುವುದು ಸುಲಭ. ಮನೆಯ ಹಿಂದೆಯೇ ಒಂದು ಶೆಡ್ಡು. ಅದರಲ್ಲಿ ಎರಡು ಪವರ್ ಪ್ರೆಸ್ಸು, ಒಂದು ಡ್ರಿಲ್ಲಿಂಗ್ ಮಿಷನ್ನು. ಪೀಣ್ಯದ ಕಾರ್ಖಾನೆಗಳು ಕೊಡುವ ತಗಡಿನ ಬಿಲ್ಲೆ, ವಾಷರುಗಳನ್ನು ಒತ್ತಿಕೊಡುವ ಜಾಬ್ ವರ್ಕ್. ಅವಳ ಗಂಡ ತೀರಿಕೊಂಡಾಗ ಎಲ್ಲರೂ ಶೆಡ್ಡು ಮಾರಿಬಿಡು ಎಂದರು. ಇವಳು ಸೆರಗು ಸಿಕ್ಕಿಸಿಕೊಂಡು ನಿಂತಳು. ಆಳುಗಳನ್ನು ನೋಡಿಕೊಳ್ಳುವುದು, ಬಿಲ್ಲು ಬರೆಯುವುದು, ಜಿಎಸ್‌ಟಿ ಲೆಕ್ಕ ಒಪ್ಪಿಸುವುದು ಎಲ್ಲ ಅವಳೇ. ಗಂಡ ಕೊಂಡಿದ್ದ ಕಂಪ್ಯೂಟರಿನ ಮುಂದೆ ಕೂತು ಎರಡೇ ಬೆರಳಿನಲ್ಲಿ ಟೈಪು ಮಾಡುತ್ತ ಕಲಿತದ್ದು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟು ಏರಿಳಿದು ಆ ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟುಹೋಯಿತು. ತಾಯಿ ಮಲಗಿದರೆ ಮನೆ ನಿಂತುಹೋಗುವುದು ಅಲ್ಲಿಯೂ ಉಂಟೆಂದು ನನಗೆ ತಿಳಿದದ್ದು ಆಗ. ಲೆಕ್ಕಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ಹೊಸದು ಕೊಳ್ಳುವಷ್ಟು ಹಣವಿಲ್ಲದೆ ಅವಳು ಪಕ್ಕದ ಫ್ಯಾಕ್ಟರಿಯವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ಕೊಂಡಳು. ಅವರು ತಮ್ಮ ಗುಟ್ಟು ಹೊರಗೆ ಹೋಗದಿರಲೆಂದು ಒಳಗಿದ್ದುದನ್ನೆಲ್ಲ ಅಳಿಸಿ ಕೊಟ್ಟಿದ್ದರು. ರಿಪೇರಿಯ ಹುಡುಗ ಬಂದಾಗ ಇವಳು ಹೇಳಿದಳು: "ನನ್ನ ಹಳೇದರಲ್ಲಿ ಇದ್ದದ್ದನ್ನೇ ಇದಕ್ಕೆ ಹಾಕಿಕೊಡಪ್ಪ, ಅದಕ್ಕೆ ಆಗಲೇ ದುಡ್ಡು ಕೊಟ್ಟಿದೀವಿ."

ಹುಡುಗ ನಕ್ಕನಂತೆ. "ಅದು ಬರಲ್ಲ ಮೇಡಂ. ಅದು ಆ ಬೋರ್ಡಿಗೇ ಕಟ್ಟಿರೋದು. ಹೊಸದಾಗಿ ತಗೊಂಡರೆ ಸಾವಿರಗಟ್ಟಲೆ ಆಗುತ್ತೆ. ಮುನ್ನೂರು ರೂಪಾಯಿ ಕೊಡಿ, ಬೇರೆ ಥರ ಹಾಕಿಕೊಡ್ತೀನಿ. ಎಲ್ಲರೂ ಅದನ್ನೇ ಮಾಡೋದು."

ಆ "ಬೇರೆ ಥರ"ದ ಬಗ್ಗೆಯೇ ಅವಳ ಪ್ರಶ್ನೆ.

ಕಂಪ್ಯೂಟರು ಕೊಂಡರೆ ಕೀಲಿಮಣೆ, ಪರದೆ, ಡಬ್ಬ ಮಾತ್ರ ನಮ್ಮ ಕಣ್ಣಿಗೆ ಕಾಣುತ್ತದೆ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಎಂಬುದು ಕಾಣುವುದಿಲ್ಲ. ಎಲ್ಲರಿಗೂ ಪರಿಚಯವಿರುವ ಹೆಸರು ವಿಂಡೋಸ್. ಅದನ್ನು ನಾವು ಕೊಂಡೆವು ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಕೊಂಡದ್ದು ಬಳಸುವ ಅನುಮತಿಯನ್ನು, ಅಂದರೆ ಲೈಸೆನ್ಸನ್ನು. ಅದರಲ್ಲಿ ಎರಡು ಬಗೆ. ಕಂಪ್ಯೂಟರಿನ ಜೊತೆಗೇ ತುಂಬಿಸಿ ಬರುವುದು ಒಂದು. ಅದು ಹುಟ್ಟಿದ ಯಂತ್ರದಲ್ಲೇ ಬಾಳಿ ಅಲ್ಲೇ ಸಾಯಬೇಕು. ಯಂತ್ರವನ್ನು ಯಾರಿಗಾದರೂ ಮಾರಿದರೆ ಅದರ ಜೊತೆಗೆ ಹೋಗುತ್ತದೆಯೇ ಹೊರತು, ಬಿಡಿಸಿ ಇನ್ನೊಂದಕ್ಕೆ ಹಾಕುವಂತಿಲ್ಲ. ಅಂಗಡಿಯಲ್ಲಿ ಬೇರೆಯಾಗಿ ಕೊಳ್ಳುವುದು ಇನ್ನೊಂದು. ಅದಕ್ಕೆ ಬೆಲೆ ಹೆಚ್ಚು. ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಆದರೆ ಒಂದು ಸಲಕ್ಕೆ ಒಂದೇ ಯಂತ್ರ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಯಂತ್ರದ ಗುರುತನ್ನು ಕಂಪನಿಗೆ ಕಳಿಸಿ ಒಪ್ಪಿಗೆ ಪಡೆಯುವ ಏರ್ಪಾಟು ಮನೆಮನೆಯ ಕಂಪ್ಯೂಟರಿಗೂ ಬಂತು. ಅಲ್ಲಿಯವರೆಗೆ ಕಾಗದದ ಮೇಲಿದ್ದ ನಿಯಮ ಅಂದಿನಿಂದ ಬೀಗವಾಯಿತು. ನಮ್ಮ ಬೆಂಗಳೂರಿನ ಟ್ಯಾಲಿ ಲೆಕ್ಕದ ತಂತ್ರಾಂಶಕ್ಕೂ ಇಂಥದೇ ಕಟ್ಟಿದೆ. ಆದರೆ ಅದರಲ್ಲಿ ಲೈಸೆನ್ಸನ್ನು ಒಂದು ಕಂಪ್ಯೂಟರಿನಲ್ಲಿ ಬಿಟ್ಟುಕೊಟ್ಟು ಇನ್ನೊಂದರಲ್ಲಿ ಪಡೆದುಕೊಳ್ಳುವ ದಾರಿ ಇಟ್ಟಿದ್ದಾರೆ.

ಇಷ್ಟನ್ನು ತಿಳಿದುಕೊಂಡ ಮೇಲೂ ನನ್ನ ಮನಸ್ಸು ಮೊದಲು ವಾಲಿದ್ದು ಆ ಹುಡುಗನ ಕಡೆಗೇ. ನಾವು ಹೆಂಗಸರು ಹಂಚಿಕೊಂಡೇ ಬದುಕಿದವರು. ಪಕ್ಕದ ಮನೆಯವಳು ಬಟ್ಟಲು ಹಿಡಿದು ಹೆಪ್ಪಿಗೆ ಬಂದರೆ ಒಂದು ಚಮಚ ಮೊಸರು ಕೊಡುತ್ತೇವೆ. ಬೆಳಗಾಗುವಷ್ಟರಲ್ಲಿ ಅವಳ ಮನೆಯ ಪಾತ್ರೆ ತುಂಬ ಮೊಸರು, ನನ್ನ ಮೊಸರೂ ಹಾಗೆಯೇ ಇದೆ. ತಂತ್ರಾಂಶವೂ ಹೆಪ್ಪಿನಂತೆಯೇ ಅಲ್ಲವೇ? ಇನ್ನೊಂದು ಪ್ರತಿ ಮಾಡಿದರೆ ಮೊದಲಿನದು ಸವೆಯುವುದಿಲ್ಲ. ಹಾಗಿದ್ದ ಮೇಲೆ ಕಳ್ಳತನ ಎಲ್ಲಿಂದ ಬಂತು? ಅದೂ ಒಮ್ಮೆ ದುಡ್ಡು ಕೊಟ್ಟವಳು, ಯಂತ್ರ ಸುಟ್ಟುಹೋಗಿ ಎರಡನೆಯದರಲ್ಲಿ ಹಾಕಿಕೊಂಡರೆ?

ನಾನು ಹೀಗೆ ಹೇಳಿದಾಗ ನಾದಿನಿ ಒಪ್ಪಲಿಲ್ಲ. ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿ ಎಣ್ಣೆ ಬಟ್ಟೆ ಹೊದಿಸಿಟ್ಟಿದ್ದ ಕಬ್ಬಿಣದ ಅಚ್ಚೊಂದನ್ನು ತೋರಿಸಿದಳು. ಅವರು ಅದಕ್ಕೆ ಡೈ ಎನ್ನುತ್ತಾರೆ. "ಇದು ಎಷ್ಟೋ ವರ್ಷದಿಂದ ನಮ್ಮ ಶೆಡ್ಡಲ್ಲೇ ಇದೆ ಅತ್ತಿಗೆ. ಒರೆಸೋದು ನಾವು, ಮೊಂಡಾದರೆ ಸಾಣೆ ಹಿಡಿಯೋದು ನಾವು. ಆದರೆ ಇದು ನಮ್ಮದಲ್ಲ, ಆರ್ಡರ್ ಕೊಡೋ ಕಂಪನಿಯವರದು. ಇದರಲ್ಲಿ ಅವರಿಗೆ ಬಿಟ್ಟು ಬೇರೆಯವರಿಗೆ ಒಂದು ಪೀಸ್ ಒತ್ತಿಕೊಟ್ಟರೂ ಅವರಿಗೆ ಗೊತ್ತಾಗಲ್ಲ, ಡೈ ಸವೆಯೋದೂ ಇಲ್ಲ. ಆದರೂ ನಿಮ್ಮ ತಮ್ಮ ಒಂದು ಪೀಸೂ ಒತ್ತಿಕೊಟ್ಟವರಲ್ಲ." ಗಂಡನನ್ನು ಅವಳು ನನ್ನ ಮುಂದೆ "ನಿಮ್ಮ ತಮ್ಮ" ಎಂದೇ ಹೇಳುವುದು.

ನನ್ನ ಹೆಪ್ಪಿನ ವಾದ ಅಲ್ಲಿಗೆ ಅಲುಗಾಡಿತು. ಯಾರಿಗೂ ನಷ್ಟವಾಗಲಿಲ್ಲ ಎಂಬುದೊಂದರಿಂದಲೇ ಕೆಲಸ ಸರಿಯಾಗುವುದಿಲ್ಲ. ಕೊಟ್ಟ ಮಾತಿಗೂ ತೂಕವಿದೆ. ಅಲ್ಲದೆ ಹೆಪ್ಪು ಕೊಡುವವಳು ತಾನೇ ಇಷ್ಟಪಟ್ಟು ಕೊಡುತ್ತಾಳೆ. ಅವಳ ಮನೆಯ ಬಾಗಿಲು ಮುರಿದು ತಂದ ಚಮಚ ಮೊಸರಿನಿಂದಲೂ ಹಾಲು ಹೆಪ್ಪಾಗುತ್ತದೆ, ನಿಜ. ಆದರೆ ಅದನ್ನು ನಾವು ಹಂಚಿಕೆ ಎನ್ನುವುದಿಲ್ಲ.

ಆದರೂ ನನಗೆ ಸಮಾಧಾನವಾಗಲಿಲ್ಲ. ಡೈ ತಮ್ಮದಲ್ಲ ಎಂದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಕಂಪ್ಯೂಟರಿನ ವಿಷಯದಲ್ಲಿ ಯಾರು ಹೇಳಿದ್ದರು? ಅಂಗಡಿಯವನು "ಎಲ್ಲಾ ಸೇರಿ ಇಷ್ಟು" ಎಂದು ಬೆಲೆ ಹೇಳಿದನೇ ಹೊರತು, ಇದರಲ್ಲಿ ಇಂತಿಷ್ಟು ನಿಮ್ಮದು, ಇಂತಿಷ್ಟು ನಿಮ್ಮದಲ್ಲ ಎಂದು ಬಿಡಿಸಿ ಹೇಳಲಿಲ್ಲ. ಷರತ್ತುಗಳು ಮೊದಲ ಸಲ ಯಂತ್ರ ಚಾಲೂ ಮಾಡಿದಾಗ ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರುತ್ತವೆ. ಕೆಳಗೆ "ಒಪ್ಪಿದ್ದೇನೆ" ಎಂಬ ಗುಂಡಿ. ದುಡ್ಡು ಕೊಟ್ಟು ಮನೆಗೆ ತಂದು ದಾರ ಬಿಚ್ಚಿದ ಮೇಲೆ ಒಪ್ಪದೆ ಏನು ಮಾಡುತ್ತಾರೆ?

ಆ ರಾತ್ರಿ ನನಗೆ ನಮ್ಮ ಅಜ್ಜಿಯ ಮಾತು ನೆನಪಾಯಿತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅಜ್ಜಿ ಎರಡು ಎಕರೆ ಗದ್ದೆಯ ಬಗ್ಗೆ ಹೇಳುತ್ತಿದ್ದಳು: "ಉಣ್ಣಬಹುದು, ಯಾರಿಗೂ ಕೊಡೋ ಹಾಗಿಲ್ಲ." ಆಗಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಸಿಗುತ್ತಿದ್ದದ್ದು ಸೀಮಿತ ಹಕ್ಕು. ಬದುಕಿರುವವರೆಗೆ ಫಲ ಅನುಭವಿಸಬಹುದು. ತನ್ನ ಇಷ್ಟದಂತೆ ಮಾರುವಂತಿಲ್ಲ, ಮಗಳಿಗೆ ಬರೆದುಕೊಡುವಂತಿಲ್ಲ. ಅವಳು ಹೋದ ಮೇಲೆ ಆಸ್ತಿ ಗಂಡನ ವಾರಸುದಾರರಿಗೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾನೂನು ತಂದು ಕೆಲಮಟ್ಟಿಗೆ ಬಾಗಿಲು ತೆರೆದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಂಗಸಿನ ಸ್ವಾಧೀನದಲ್ಲಿದ್ದ ಇಂಥ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಇದಿಷ್ಟೂ ಹೋರಾಟ ಒಂದು ಸಣ್ಣ ಕ್ರಿಯಾಪದಕ್ಕಾಗಿ: ಕೊಡುವುದು. ಒಂದು ವಸ್ತು ನಮ್ಮದೋ ಅಲ್ಲವೋ ಎಂದು ತಿಳಿಯುವುದು ಅದನ್ನು ಬಳಸುವಾಗಲ್ಲ, ಇನ್ನೊಬ್ಬರಿಗೆ ಕೊಡಲು ಹೋದಾಗ. ನನ್ನ ಮದುವೆಯ ಸೀರೆಯನ್ನು ಮಗಳಿಗೆ ಉಡಿಸಬಲ್ಲೆ, ಆದ್ದರಿಂದ ಅದು ನನ್ನದು.

ಆ ಲೆಕ್ಕದಲ್ಲಿ ಇಂದು ನಾವೆಲ್ಲರೂ, ಗಂಡಸರೂ ಸೇರಿ, ತಂತ್ರಾಂಶದ ಮನೆಯಲ್ಲಿ ಸೀಮಿತ ಹಕ್ಕಿನವರು. ನಮ್ಮ ನ್ಯಾಯಾಲಯಗಳೂ ಇದನ್ನು ಬಿಡಿಸಿ ನೋಡಿವೆ. ಡಿಸ್ಕಿನಲ್ಲಿ ಮಾರುವ ತಂತ್ರಾಂಶ ಮಾರಾಟ ತೆರಿಗೆಯ ಮಟ್ಟಿಗೆ ಸರಕೇ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿಯ ಮೊಕದ್ದಮೆಯಲ್ಲಿ ಹೇಳಿತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ತೆರಿಗೆ ವ್ಯಾಜ್ಯದಲ್ಲಿ 2021ರ ಮಾರ್ಚಿನಲ್ಲಿ ಬಂದ ತೀರ್ಪು, ಹೀಗೆ ಕೊಳ್ಳುವವರಿಗೆ ದೊರೆಯುವುದು ಒಂದು ಪ್ರತಿ ಮತ್ತು ಅದನ್ನು ಬಳಸುವ ಅವಕಾಶ, ಕೃತಿಸ್ವಾಮ್ಯದ ಹಕ್ಕಲ್ಲ ಎಂದು ಸ್ಪಷ್ಟಪಡಿಸಿತು. ಯುರೋಪಿನ ನ್ಯಾಯಾಲಯ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲಮಿತಿಯಿಲ್ಲದ ಲೈಸೆನ್ಸನ್ನು ಪೂರ್ತಿ ಹಣ ಕೊಟ್ಟು ಪಡೆದವರು ಅದನ್ನು ಮತ್ತೊಬ್ಬರಿಗೆ ಮಾರಬಹುದು, ಆದರೆ ತಮ್ಮ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು ಎಂದಿತು. ನಮ್ಮ ಕೃತಿಸ್ವಾಮ್ಯ ಕಾಯಿದೆಯೂ ನ್ಯಾಯವಾಗಿ ಪಡೆದವರು ಕಳೆದುಹೋಗುವ ಭಯಕ್ಕೆ ಒಂದು ಕಾಪು ಪ್ರತಿ ಮಾಡಿಟ್ಟುಕೊಳ್ಳಲು ಬಿಡುತ್ತದೆ. ಆದರೆ ಒಂದರ ಹಣದಲ್ಲಿ ಇನ್ನೊಂದು ಯಂತ್ರ ನಡೆಸಲು ಬಿಡುವುದಿಲ್ಲ.

ಹಾಗಾದರೆ ಅಜ್ಜಿಗಾದ ಅನ್ಯಾಯವೇ ನಾದಿನಿಗೂ ಆಯಿತೇ? ಬೆಳಗ್ಗೆ ಎದ್ದಾಗ ನನಗೆ ವ್ಯತ್ಯಾಸ ಕಂಡಿತು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಬೇರೆ ಆಯ್ಕೆಯೂ ಇರಲಿಲ್ಲ. ಅವಳ ಮೇಲೆ ಹೇರಿದ ಮಿತಿ ಅದು, ಹಾಗಾಗಿ ಅದನ್ನು ಮುರಿಯಲು ಕಾನೂನೇ ಬೇಕಾಯಿತು. ಇವಳ ಮಿತಿಗೆ ಒಂದು ಬೆಲೆಯಿದೆ. ಯಂತ್ರಕ್ಕೇ ಕಟ್ಟಿದ ಲೈಸೆನ್ಸು ಅಗ್ಗ, ಬೇರೆ ಮಾಡಬಹುದಾದದ್ದು ದುಬಾರಿ. ಕಡಿಮೆ ಕೊಟ್ಟು ಕಡಿಮೆ ಪಡೆಯುವುದರಲ್ಲಿ ಅನ್ಯಾಯವಿಲ್ಲ. ಬಾಡಿಗೆ ಮನೆಯ ಗೋಡೆ ಒಡೆಯುವಂತಿಲ್ಲವೆಂದು ನಾವು ಅಳುವುದುಂಟೇ? ಅನ್ಯಾಯ ಇರುವುದು ಮಿತಿಯಲ್ಲಲ್ಲ, ಅದನ್ನು ಮುಚ್ಚಿಟ್ಟು "ಎಲ್ಲಾ ಸೇರಿ" ಎಂದು ಮಾರುವುದರಲ್ಲಿ. ಬಾಡಿಗೆಗೆ ಕೊಟ್ಟು ಕ್ರಯಕ್ಕೆ ಕೊಟ್ಟಂತೆ ತೋರಿಸುವುದರಲ್ಲಿ.

ಕೊಡುವುದಕ್ಕೆಂದೇ ಹುಟ್ಟಿದ ತಂತ್ರಾಂಶಗಳೂ ಇವೆ ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಗ್ನೂ ಯೋಜನೆ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್, ಇವು ಎಷ್ಟು ಯಂತ್ರಕ್ಕಾದರೂ ಹಾಕಿಕೊಳ್ಳಿ, ಯಾರಿಗಾದರೂ ಕೊಡಿ ಎನ್ನುತ್ತವೆ. ಅವಕ್ಕೂ ಲೈಸೆನ್ಸಿದೆ. ಬದಲಿಸಿ ಹಂಚುವುದಾದರೆ ಪಡೆದವರಿಗೂ ಅದೇ ಸ್ವಾತಂತ್ರ್ಯ ಕೊಡಬೇಕು ಎಂಬುದೇ ಅದರ ಷರತ್ತು. ಹೆಪ್ಪು ಇಸಕೊಂಡವಳು ನಾಳೆ ಕೇಳಿ ಬಂದವಳಿಗೆ ಇಲ್ಲ ಎನ್ನಬಾರದು ಎಂದಹಾಗೆ. ಕನ್ನಡ ಬರೆಯಲು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ "ಬರಹ" ನಮ್ಮಲ್ಲಿ ಎಷ್ಟೋ ಮನೆಗಳಿಗೆ ಉಚಿತವಾಗಿ ಬಂದದ್ದನ್ನು ಆಗ ಕಂಪ್ಯೂಟರು ಕಲಿತವರು ಮರೆತಿರಲಾರರು. ಕೊಡುವ ಮನಸ್ಸಿನವರು ಇದ್ದಾರೆ. ಕೊಡಲು ಒಪ್ಪದವರದನ್ನು ಕಿತ್ತುಕೊಂಡು ಬಳಸಿದರೆ, ಇವರ ಔದಾರ್ಯಕ್ಕೂ ಬೆಲೆ ಇಲ್ಲದಂತಾಗುತ್ತದೆ.

ನಾನು ಇದನ್ನೆಲ್ಲ ಹೇಳುವ ಮೊದಲೇ ನಾದಿನಿ ತೀರ್ಮಾನ ಮಾಡಿಬಿಟ್ಟಿದ್ದಳು. ಅವಳ ಲೆಕ್ಕದ ತಂತ್ರಾಂಶಕ್ಕೆ ವಿಂಡೋಸೇ ಬೇಕು. ಹಣ ಕೂಡುವವರೆಗೆ ಎರಡು ತಿಂಗಳು ಬಿಲ್ಲುಗಳನ್ನು ಕೈಯಲ್ಲೇ ಬರೆಯುವುದು, ಆಮೇಲೆ ಲೈಸೆನ್ಸು ಕೊಳ್ಳುವುದು. "ಕದ್ದು ಹಾಕಿದ್ದರಲ್ಲಿ ವೈರಸ್ ಬಂದು ನಿಮ್ಮ ತಮ್ಮ ಬರೆದಿಟ್ಟ ಲೆಕ್ಕ ಹೋದರೆ ಯಾರನ್ನ ಕೇಳಲಿ? ಅದೂ ಅಲ್ಲದೆ, ದಿನಾ ಬೆಳಗ್ಗೆ ಅದರ ಮುಂದೆ ಕೂತು ಆಳುಗಳಿಗೆ ಪ್ರಾಮಾಣಿಕವಾಗಿರ್ರಪ್ಪ ಅಂತ ಹೇಗೆ ಹೇಳಲಿ?" ಎಂದಳು.

ಹುಡುಗನಿಗೆ ಬೇಸರವಾಯಿತೋ, ಅವಳ ಹಟ ಕಂಡು ಮರ್ಯಾದೆ ಹುಟ್ಟಿತೋ ತಿಳಿಯದು. ಸಂಜೆ ಮತ್ತೆ ಬಂದು, ಕೊಂಡು ತಂದ ಆ ಹಳೆಯ ಡಬ್ಬವನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಮಾಸಿದ ಚೀಟಿಯೊಂದು ಅಂಟಿಕೊಂಡಿತ್ತು. "ಮೇಡಂ, ಇದು ಹುಟ್ಟುವಾಗಲೇ ಲೈಸೆನ್ಸ್ ತಗೊಂಡು ಬಂದಿದೆ. ಫ್ಯಾಕ್ಟರಿಯವರು ಒಳಗಿದ್ದದ್ದನ್ನು ಅಳಿಸಿದಾರೆ ಅಷ್ಟೆ, ಹಕ್ಕು ಬೋರ್ಡಿನಲ್ಲೇ ಇರುತ್ತೆ" ಎಂದ. ಕಂಪನಿಯ ಜಾಲತಾಣದಿಂದಲೇ ಅಸಲಿ ಪ್ರತಿಯನ್ನು ಇಳಿಸಿ ಹಾಕಿದಾಗ, ಯಂತ್ರ ಯಾವ ಸಂಖ್ಯೆಯನ್ನೂ ಕೇಳದೆ ಒಪ್ಪಿಕೊಂಡಿತು. ಯಂತ್ರಕ್ಕೆ ಕಟ್ಟಿದ್ದು ಯಂತ್ರದೊಂದಿಗೇ ಹೋಗುತ್ತದೆ ಎಂಬ ಯಾವ ನಿಯಮ ಅವಳಿಗೆ ಇಲ್ಲ ಎಂದಿತ್ತೋ, ಅದೇ ನಿಯಮ ಇನ್ನೊಬ್ಬರು ಬಿಟ್ಟ ಹಕ್ಕನ್ನು ತಂದು ಅವಳ ಮೇಜಿನ ಮೇಲೆ ಇಟ್ಟಿತ್ತು.

ಎಲ್ಲರಿಗೂ ಹೀಗೆ ಚೀಟಿ ಸಿಗುವುದಿಲ್ಲ. ಸಿಗದಿದ್ದರೂ ಅವಳು ಕೈಯಲ್ಲೇ ಬಿಲ್ಲು ಬರೆಯುತ್ತಿದ್ದಳೆಂದು ನನಗೆ ಗೊತ್ತು. ಅಂಗಡಿಗೆ ಹೋಗುವ ಅಕ್ಕತಂಗಿಯರಿಗೆ ನಾನು ಹೇಳುವುದು ಇಷ್ಟೇ: ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವ ನಾವು, ಕಂಪ್ಯೂಟರು ಕೊಳ್ಳುವಾಗಲೂ ಒಂದು ಮಾತು ಕೇಳೋಣ. ಇದರಲ್ಲಿ ನನ್ನದು ಯಾವುದು? ನಾಳೆ ಇದನ್ನು ಇನ್ನೊಂದಕ್ಕೆ ಹಾಕಿಕೊಳ್ಳಬಹುದೇ? ದುಡ್ಡು ಕೊಡುವ ಮೊದಲು ಕೇಳುವುದು ನಮ್ಮ ಹಕ್ಕು. ಒಪ್ಪಿ ತಂದ ಮೇಲೆ ನಡೆದುಕೊಳ್ಳುವುದು ನಮ್ಮ ಮಾತು.

ಹುಡುಗ ಹೊರಟಾಗ ನಾದಿನಿ ಅವನ ಕೈಗೆ ಮುನ್ನೂರು ರೂಪಾಯಿ ಇಟ್ಟಳು.

"ಇದು ಯಾತಕ್ಕೆ ಮೇಡಂ?" ಎಂದ.

"ನಿನ್ನ ಕೂಲಿ ಕಣಪ್ಪ" ಎಂದಳು.