ಮಿತವ್ಯಯದ ಅಳತೆಗೋಲು

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಅಂತರ ಹೊರನೋಟಕ್ಕೆ ಕಾಣುವಂಥದಲ್ಲ. ಎರಡೂ ಕೈ ಹಿಡಿದೇ ಖರ್ಚು ಮಾಡುತ್ತವೆ. ಆದರೆ ಮೊದಲನೆಯದು ಅಗತ್ಯವನ್ನು ಅಳೆಯುತ್ತದೆ. ಎರಡನೆಯದು ಬೆಲೆಯನ್ನು ಮಾತ್ರ ನೋಡುತ್ತದೆ. ಬಿಡುವಿನ ವೇಳೆಯಲ್ಲಿ ಆಡಲು ಮನೆಯ ಮಕ್ಕಳು ಒಂದು ಕಂಪ್ಯೂಟರನ್ನು ಕೇಳಿದಾಗ ಹಿರಿಯರ ವಿವೇಕ ಈ ವಿಷಯದಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸುವವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಮಿತಿಯನ್ನು ನಿಶ್ಚಯಿಸಬೇಕು. ಅದಕ್ಕೆ ಪರದೆಯೇ ಅಳತೆಗೋಲು. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರವನ್ನು ಬದಲಿಸುತ್ತದೆ. ಯಂತ್ರ 150 ಚಿತ್ರಗಳನ್ನು ರಚಿಸಿದರೂ ಅಷ್ಟನ್ನು ಅದು ತೋರಿಸಲಾರದು. 2021ರಲ್ಲಿ ಬಂದ ರೈಜನ್ 5 5600ಜಿ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗವೂ ಅಡಕವಾಗಿದೆ. ಮೈನ್‌ಕ್ರಾಫ್ಟ್, ವ್ಯಾಲರಂಟ್‌ನಂತಹ ಹಗುರವಾದ ಆಟಗಳಿಗೆ ಬೇರೆ ಕಾರ್ಡು ಬೇಕಿಲ್ಲ. ಅಡಕವಾದ ಗ್ರಾಫಿಕ್ಸ್ ಯಂತ್ರದ ಮೆಮೊರಿಯನ್ನೇ ಬಳಸುವುದರಿಂದ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಲೇಸು. ಮಾಹಿತಿ ಎರಡು ದಾರಿಗಳಲ್ಲಿ ಹರಿದು ಆಟ ಸರಾಗವಾಗುತ್ತದೆ. ಇದು ಮಿತವ್ಯಯ.

ಬಣ್ಣದ ದೀಪಗಳಿಗೂ ಗಾಜಿನ ಪೆಟ್ಟಿಗೆಗೂ ಹಣ ಸುರಿದು, ಆ ಕೊರತೆಯನ್ನು ಪವರ್ ಸಪ್ಲೈನಲ್ಲಿ ಸರಿದೂಗಿಸುವುದು ದುಂದು ಮತ್ತು ಜಿಪುಣತನ ಎರಡೂ ಹೌದು. ಕಳಪೆ ಪವರ್ ಸಪ್ಲೈ ಕೆಡುವಾಗ ಉಳಿದ ಭಾಗಗಳನ್ನೂ ಕೆಡಿಸಬಲ್ಲದು. ಕಣ್ಣಿಗೆ ಕಾಣದ ಅಡಿಪಾಯದಲ್ಲಿ ಉಳಿಸಿದ ಹಣ ಉಳಿತಾಯವಲ್ಲ, ಮುಂದೂಡಿದ ನಷ್ಟ.

ಭಾರಿ ಆಟಗಳ ಆಸೆಯಿಂದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನೇ ಬಯಸುವವರನ್ನು ಬಳಸಿದ ಕಾರ್ಡುಗಳ ಅಗ್ಗದ ಬೆಲೆ ಸೆಳೆಯುತ್ತದೆ. ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರಿನಲ್ಲಿ ನಿಂತಾಗ, ಅದಕ್ಕಾಗಿ ಹಗಲಿರುಳು ದುಡಿದಿದ್ದ ಕಾರ್ಡುಗಳು ಪೇಟೆಗೆ ಬಂದವು. ಬಳಸಿದ ವಸ್ತುವನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ವಸ್ತುವಿನ ಆಯುಷ್ಯವನ್ನು ಪೂರ್ಣವಾಗಿ ಬಳಸುವುದು ಒಳ್ಳೆಯದೇ. ದೋಷವಿರುವುದು ಅದರ ದುಡಿಮೆಯ ಚರಿತ್ರೆಯನ್ನು ಮರೆಮಾಚುವುದರಲ್ಲಿ. 'ಗಿರಾಕಿ ಕೇಳಲಿಲ್ಲ, ಆದ್ದರಿಂದ ಹೇಳಲಿಲ್ಲ' ಎಂಬುದು ವ್ಯಾಪಾರದ ಹಳೆಯ ಸಮಾಧಾನ. ಆದರೆ ಅಂತಹ ಮೌನ ತಕ್ಕಡಿಯ ಮೇಲೆ ಬೆರಳಿಟ್ಟಂತೆಯೇ ಸರಿ. ಇಷ್ಟು ಅಗ್ಗವೇಕೆಂದು ಕೇಳದೆ ಕೊಳ್ಳುವವನೂ ಆ ಮೌನದಲ್ಲಿ ಸ್ವಲ್ಪ ಪಾಲುದಾರನೇ.

ಆದುದರಿಂದ ಯಾವ ಆಟ, ಯಾವ ಪರದೆ, ಎಷ್ಟು ಹಣ ಎಂಬ ಮೂರು ಸಾಲುಗಳನ್ನು ಮಕ್ಕಳ ಕೈಯಿಂದಲೇ ಬರೆಯಿಸಿ ಪೇಟೆಗೆ ಹೋಗುವುದು ಯುಕ್ತ. ಯಂತ್ರ ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ಸಾಕು ಎಂಬುದನ್ನು ಕೊಳ್ಳುವ ಮೊದಲೇ ನಿಶ್ಚಯಿಸುವ ಅಭ್ಯಾಸ ಹಳತಾಗುವುದಿಲ್ಲ.