ಹೂ ಬಿಟ್ಟ ಸೆಣಬು

ಕಳೆದ ಸಲ ಮಂಡ್ಯದ ಕಡೆಯ ಅಕ್ಕನ ಊರಿಗೆ ಹೋದಾಗ ಗದ್ದೆಯ ತುಂಬ ಸೆಣಬು ಹಳದಿ ಹೂ ಬಿಟ್ಟು ನಿಂತಿತ್ತು. ಬದುವಿನ ಮೇಲೆ ನಿಂತು ಕಣ್ತುಂಬ ನೋಡುತ್ತಿರುವಾಗಲೇ ಟ್ರ್ಯಾಕ್ಟರ್ ಬಂದು ಎದೆಯೆತ್ತರದ ಗಿಡಗಳನ್ನು ಹೂವಿನ ಸಮೇತ ಮಣ್ಣಿಗೆ ಮಗುಚುತ್ತ ಸಾಗಿತು. ಪೇಟೆಯಲ್ಲಿ ಒಂದು ಮೊಳ ಹೂವಿಗೆ ಚೌಕಾಸಿ ಮಾಡುವ ನನಗೆ ಹೊಟ್ಟೆ ಚುರುಕ್ಕೆಂದಿತು.

“ಇನ್ನಷ್ಟು ದಿನ ಬಿಟ್ಟಿದ್ದರೆ ಬೀಜವಾದರೂ ಆಗುತ್ತಿತ್ತಲ್ಲ ಅಕ್ಕ?”

“ಬೀಜಕ್ಕೆ ಬಿಟ್ರೆ ಕಡ್ಡಿಯೆಲ್ಲ ನಾರಾಯ್ತದೆ ಕಣೆ. ಆಮೇಲೆ ಮಣ್ಣಿಗೆ ಸೇರಿಸಿದ್ರೂ ಬೇಗ ಕೊಳೆಯಾಕಿಲ್ಲ.”

ಕೃತ್ತಿಕೆ ಮಳೆಗೆ ಬಿತ್ತಿದರೆ ಸುಮಾರು 45 ದಿನಕ್ಕೆ ಹೂ. ಗಿಡ ಎಳೆಯದಾಗಿ, ರಸವತ್ತಾಗಿ ಇರುವುದು ಆಗಲೇ. ಅಕ್ಕ ಒಂದು ಗಿಡ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ತೋರಿಸಿದಳು. ಒಳಗೆ ತಿಳಿಗೆಂಪು. ಆ ಬಣ್ಣವಿದ್ದರೆ ಅಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿವೆ ಎಂದರ್ಥ. ಗಿಡ ಕೊಳೆತಾಗ ಅದು ಮುಂದಿನ ಭತ್ತಕ್ಕೆ. ಅಷ್ಟು ಯೂರಿಯಾ ಉಳಿಯಿತು. ಬರಿಮಣ್ಣಿನ ಮೇಲೆ ಮಳೆ ಬಿರುಸಾಗಿ ಹೊಡೆದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ನಾಟಿಯವರೆಗೆ ಅದಕ್ಕೊಂದು ಸೆರಗು ಹೊದಿಸುವುದೂ ಈ ಸೆಣಬೇ.

ಲೆಕ್ಕವೆಲ್ಲ ಸರಿ. ಆದರೆ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಪ್ಪ ತೀರಿಕೊಂಡಾಗ ಅಕ್ಕ ಏಳನೇ ಕ್ಲಾಸು. ಸ್ಕೂಲು ಬಿಡಿಸಿದ್ದು ಅವಳನ್ನು, ಓದಿಸಿದ್ದು ನನ್ನನ್ನು. ನಾನು ಟೀಚರಾದೆ. ನೆಂಟರೆಲ್ಲ ಇವತ್ತಿಗೂ ಅಕ್ಕನ ತ್ಯಾಗವನ್ನು ಹೊಗಳುತ್ತಾರೆ. ನಾನೂ ಹೊಗಳಿದ್ದೇನೆ, ಸಭೆಯಲ್ಲಿ, ಮೈಕಿನ ಮುಂದೆ! ತ್ಯಾಗವೆಂದರೆ ತಾನಾಗಿ ಕೊಟ್ಟದ್ದು. ಅವಳನ್ನು ಯಾರೂ ಕೇಳಿರಲಿಲ್ಲ. ಸೆಣಬನ್ನು ಬಿತ್ತುವಾಗಲೇ ಅದು ಗೊಬ್ಬರಕ್ಕೆಂದು ನಿಶ್ಚಯಿಸಿರುತ್ತೇವೆ. ಸೆಣಬಿಗೆ ನರ್ಸಾಗುವ ಆಸೆಯೇನೂ ಇರುವುದಿಲ್ಲ. ಅಕ್ಕನಿಗೆ ಇತ್ತು. ನನ್ನ ಬದುಕು ಚೆನ್ನಾಗಿ ಫಲ ಕೊಟ್ಟಿತು ಎಂಬುದರಿಂದ ಅಂದಿನ ತೀರ್ಮಾನ ನ್ಯಾಯವಾಗಿಬಿಡುತ್ತದೆಯೇ? ಸುಗ್ಗಿ ನೋಡಿ ನ್ಯಾಯ ಹೇಳುವ ರೂಢಿ ನಮ್ಮ ಮನೆಗಳಲ್ಲಿ ಬಹಳ. ಹೇಳುವವರು ಸಾಮಾನ್ಯವಾಗಿ ಸುಗ್ಗಿ ಉಂಡವರು.

ಬೆಳಿಗ್ಗೆ ಒಲೆಯ ಮುಂದೆ ಕೂತು ಅಂದೇಬಿಟ್ಟೆ, “ನಿನ್ನನ್ನೂ ಹೂವಿನಲ್ಲೇ ಮಗುಚಿಬಿಟ್ಟೆವಲ್ಲ ಅಕ್ಕ.”

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. “ಯಾರೂ ಕೇಳಲಿಲ್ಲ, ಅದು ನಿಜ. ಅದ್ಕೆ ನಂಗೆ ಸಿಟ್ಟೂ ಅದೆ. ಆದ್ರೆ ನನ್ನ ಗೊಬ್ಬರ ಅನ್ನಬ್ಯಾಡ. ಈ ಗದ್ದೆ ಮಾಡಿದ್ದು ಯಾರು? ನಾನಲ್ವ?”

ನನಗೆ ನಾಚಿಕೆಯಾಯಿತು. ಅಳುವುದಕ್ಕೆಂದು ಅವಳನ್ನು ಮತ್ತೊಮ್ಮೆ ಬಳಸಿಕೊಳ್ಳಲು ಹೊರಟಿದ್ದೆನಲ್ಲ. ಮಾತು ಮರೆಸಲು, ಓದಿದವಳ ಚಪಲ ನೋಡಿ, ಜಪಾನಿನ ಫುಕುವೋಕ ಅವರ ಕಥೆ ತೆಗೆದೆ. ಅವರು ಭತ್ತದ ಜೊತೆಗೇ ಬಿಳಿ ಕ್ಲೋವರ್ ಬೆಳೆಸುತ್ತಿದ್ದರು, ಉತ್ತು ಹೂಳುತ್ತಿರಲಿಲ್ಲ. ಭತ್ತ ಮೇಲೇಳಲೆಂದು ಕೆಲವು ದಿನ ನೀರು ಕಟ್ಟಿ ಅದರ ಸೊಕ್ಕು ಇಳಿಸುತ್ತಿದ್ದರು, ಅಷ್ಟೆ.

“ಅಂದ್ರೆ ಅಲ್ಲೂ ನೀರಲ್ಲಿ ನಿಲ್ಲೋದು ಅದೇಯ,” ಎಂದು ಅಕ್ಕ ನಕ್ಕಳು. ಆಮೇಲೆ ಹೇಳಿದಳು, “ಕೊಳೆಯೋಕೆ ಎರಡು ವಾರ ಬೇಕು. ನಾಟಿಗೆ ಬಾ. ಆಳು ಸಿಕ್ಕಾಕಿಲ್ಲ, ನೀನೂ ನಾಕು ಸಾಲು ನೆಡು.”

ರಜೆ ಇಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ.